ಬೇಸಿಗೆ ನೀರು: ಎಷ್ಟು ದಿನ ಎನ್ನುವ ಮೊದಲು ಎಷ್ಟು ಎಕರೆ ಎನ್ನಬೇಕು

ಜನವರಿ ಬಂತೆಂದರೆ ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ಮಾತೆಲ್ಲ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ. ಭದ್ರಾ ಡ್ಯಾಮಿನಲ್ಲಿ ಎಷ್ಟು ಅಡಿ ಇದೆ? ನಾಲೆಗೆ ಎಷ್ಟು ದಿನ ಬಿಡ್ತಾರೆ? ನೀರಾವರಿ ಸಲಹಾ ಸಮಿತಿ ಸಭೆಯ ಒಳಗೂ ಹೊರಗೂ ಜಗ್ಗಾಟ ನಡೆಯುವುದು ದಿನದ ಮೇಲೆ. ಒಬ್ಬರದು 100 ದಿನ, ಇನ್ನೊಬ್ಬರದು 120 ದಿನ. ಯಾವ ಉಪನಾಲೆಯಲ್ಲಿ ಯಾವ ಬೆಳೆ ಎಷ್ಟು ಎಕರೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಅದು ಮೊದಲು ಬರಬೇಕು ಎನ್ನುವುದು ಈ ಬರಹದ ವಾದ. ಎಕರೆ ನಿಗದಿಯಾದರೆ ದಿನ ತಾನಾಗಿ ಹೊರಬೀಳುತ್ತದೆ. ದಿನ ಮೊದಲು ನಿಗದಿಯಾದರೆ ಎಕರೆ ಕೈಮೀರುತ್ತದೆ, ಕೊನೆ ಭಾಗದ ಗದ್ದೆ ಏಪ್ರಿಲ್‌ನಲ್ಲಿ ಹೊಡೆ ಒಡೆಯುವ ಹೊತ್ತಿಗೆ ಒಣಗುತ್ತದೆ.

ಅಡಿಯ ಲೆಕ್ಕದಿಂದಲೇ ಶುರು ಮಾಡೋಣ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಒಟ್ಟು ಸಾಮರ್ಥ್ಯ ಸುಮಾರು 71.5 ಟಿಎಂಸಿ (1 ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಭಾಗಿಸಿ ನೋಡಿದರೆ ಅಡಿಗೆ 0.38 ಟಿಎಂಸಿ ಬರುತ್ತದೆ. ಆದರೆ ಜಲಾಶಯ ತೊಟ್ಟಿಯಂತೆ ನೇರ ಗೋಡೆಯದ್ದಲ್ಲ. ತುಂಬಿದಾಗ ನೀರು ಸುಮಾರು 112 ಚದರ ಕಿಲೋಮೀಟರ್ ಹರಡುತ್ತದೆ, ಹಾಗಾಗಿ ಮೇಲಿನ ಒಂದು ಅಡಿಯಲ್ಲೇ 1.2 ಟಿಎಂಸಿ ಇರುತ್ತದೆ. ಕೆಳಗಿಳಿದಂತೆ ಒಂದೊಂದು ಅಡಿಯ ತೂಕ ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ 186ರಿಂದ 176ಕ್ಕೆ ಇಳಿದಾಗ ಹೋದ ನೀರೇ ಬೇರೆ, 146ರಿಂದ 136ಕ್ಕೆ ಇಳಿದಾಗ ಹೋಗುವ ನೀರೇ ಬೇರೆ. "ಹೋದ ವರ್ಷಕ್ಕಿಂತ ಹತ್ತೇ ಅಡಿ ಕಮ್ಮಿ" ಎನ್ನುವ ಮಾತಿನಲ್ಲಿ ಎಂಟು ಹತ್ತು ಟಿಎಂಸಿ ಅಡಗಿರಬಹುದು. ಸಭೆಗೆ ಹೋಗುವ ರೈತ ಪ್ರತಿನಿಧಿಗಳು ಮೊದಲು ಕೇಳಬೇಕಾದ್ದು ಮಟ್ಟ ಮತ್ತು ಸಾಮರ್ಥ್ಯದ ಕೋಷ್ಟಕವನ್ನು. ಅದರಲ್ಲೂ ಹೂಳಿನ ಸಮೀಕ್ಷೆ ಆದ ಮೇಲಿನ ಪರಿಷ್ಕೃತ ಕೋಷ್ಟಕವನ್ನು.

ಇನ್ನು ಕೆಲವು ಅಳತೆಗಳು ಬಾಯಿಪಾಠ ಇರಬೇಕು. 1 ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಅದು ಒಂದು ಗಂಟೆ ಹರಿದರೆ ಒಂದು ಎಕರೆಯ ಮೇಲೆ ಒಂದು ಇಂಚು ನೀರು ನಿಂತಂತೆ. ಒಂದು ದಿನ ಹರಿದರೆ ಸರಿಸುಮಾರು 2 ಎಕರೆ-ಅಡಿ. 1 ಟಿಎಂಸಿ ಎಂದರೆ 11,574 ಕ್ಯೂಸೆಕ್ ಒಂದು ದಿನ ಹರಿದಷ್ಟು, ಅಥವಾ 2.83 ಕೋಟಿ ಘನ ಮೀಟರ್. ಭದ್ರಾ ಬಲದಂಡೆ ನಾಲೆ 2,650 ಕ್ಯೂಸೆಕ್‌ನದು, ಎಡದಂಡೆ 380. ಎರಡೂ ಪೂರ್ತಿ ಹರಿದರೆ ದಿನಕ್ಕೆ 0.262 ಟಿಎಂಸಿ. 100 ದಿನಕ್ಕೆ 26 ಟಿಎಂಸಿ, 120 ದಿನಕ್ಕೆ 31ಕ್ಕಿಂತ ಸ್ವಲ್ಪ ಹೆಚ್ಚು. ಆ ಇಪ್ಪತ್ತು ದಿನದ ಜಗಳ ಅಂದರೆ ಐದು ಟಿಎಂಸಿಯ ಜಗಳ.

ಜನವರಿಯ ಜಮಾ-ಖರ್ಚು

ಲೆಕ್ಕಕ್ಕೆಂದು ಒಂದು ಸಂಖ್ಯೆ ಹಿಡಿಯೋಣ. ಜನವರಿ ಮೊದಲ ವಾರ ಭದ್ರೆಯಲ್ಲಿ ಡೆಡ್ ಸ್ಟೋರೇಜ್ (ತಳದಲ್ಲೇ ಉಳಿದು ನಾಲೆಗೆ ಬಾರದ ನೀರು) ಬಿಟ್ಟು, ಬಳಸಲು ಸಿಗುವ ನೀರು 40 ಟಿಎಂಸಿ ಇದೆ ಎಂದುಕೊಳ್ಳಿ. ಇದು ನಿಜದ ಯಾವುದೋ ವರ್ಷದ ಅಂಕಿಯಲ್ಲ, ನಿಮ್ಮ ವರ್ಷದ ಅಂಕಿಯನ್ನು ಇದರ ಜಾಗದಲ್ಲಿ ಹಾಕಿಕೊಂಡು ಇದೇ ಹಾದಿಯಲ್ಲಿ ಹೋಗಬಹುದು.

ಮೊದಲ ಕಡಿತ ಕುಡಿಯುವ ನೀರು. ದಾವಣಗೆರೆ ನಗರದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳು ತುಂಬುವುದೇ ನಾಲೆ ನೀರಿನಿಂದ. ನದಿಪಾತ್ರದ ಊರುಗಳಿಗೂ ಬಿಡಬೇಕು. ಜೂನ್ ಕೊನೆಯವರೆಗೆ ಇದಕ್ಕೆಲ್ಲ 6 ಟಿಎಂಸಿ ಎತ್ತಿಡೋಣ. ಎರಡನೆಯದು ಆವಿ. ಹರವು ಸರಾಸರಿ 80 ಚದರ ಕಿಲೋಮೀಟರ್, ದಿನಕ್ಕೆ 5 ಮಿಲಿಮೀಟರ್ ಆವಿ ಎಂದರೆ 150 ದಿನಕ್ಕೆ 6 ಕೋಟಿ ಘನ ಮೀಟರ್, ಅಂದರೆ 2 ಟಿಎಂಸಿಗಿಂತ ತುಸು ಮೇಲು. ಮೂರನೆಯದು, ಸಭೆಗಳಲ್ಲಿ ಎಲ್ಲರೂ ಮೊದಲು ಕೈಬಿಡುವ ಬಾಬ್ತು: ಮುಂಗಾರು ತಡವಾದರೆ ಜುಲೈಗೆ ಬೇಕಾಗುವ ಆಪದ್ಧನ. ಇದಕ್ಕೆ 4 ಟಿಎಂಸಿ. ಉಳಿಯಿತು 28.

ಈ 28 ಟಿಎಂಸಿಯನ್ನು ದಿನದಲ್ಲಿ ಹೇಳಿದರೆ 107 ದಿನ. ಕೇಳಲು ಚೆನ್ನಾಗಿದೆ. ಎಕರೆಯಲ್ಲಿ ಹೇಳಿದಾಗ ಚಿತ್ರ ಬದಲಾಗುತ್ತದೆ. ಭದ್ರಾ ಅಚ್ಚುಕಟ್ಟು, ಅಂದರೆ ನಾಲೆ ನೀರು ಉಣ್ಣುವ ನೆಲ, 1,05,570 ಹೆಕ್ಟೇರ್. 28 ಟಿಎಂಸಿಯನ್ನು ಅಷ್ಟೂ ನೆಲದ ಮೇಲೆ ಸಮನಾಗಿ ಹರಡಿದರೆ ಡ್ಯಾಮಿನ ಬಾಯಲ್ಲಿ 750 ಮಿಲಿಮೀಟರ್. ಆದರೆ ಡ್ಯಾಮಿನ ಬಾಯಲ್ಲಿರುವುದೆಲ್ಲ ಬೇರಿಗೆ ತಲುಪುವುದಿಲ್ಲ. ಮುಖ್ಯ ನಾಲೆ, ಶಾಖಾ ನಾಲೆಗಳಲ್ಲಿ ನೂರಕ್ಕೆ 25 ಇಂಗಿ ಸೋರಿ ಹೋದರೆ, ಉಳಿದುದರಲ್ಲಿ ಉಪನಾಲೆ ಮತ್ತು ಹೊಲಗಾಲುವೆಯಲ್ಲಿ 15, ಅದರಲ್ಲಿ ಉಳಿದದ್ದು ಗದ್ದೆಯಲ್ಲಿ ಬೇರಿನ ಕೆಳಗೆ ಇಳಿದು 25 ಹೋದರೆ, 0.75, 0.85, 0.75 ಗುಣಿಸಿದಾಗ 0.48. ಹೆಚ್ಚುಕಡಿಮೆ ಅರ್ಧ.

ಬೇಸಿಗೆ ಭತ್ತಕ್ಕೆ ಗದ್ದೆಯಲ್ಲಿ 1,200 ಮಿಲಿಮೀಟರ್ ಬೇಕು, ಮರಳು ಮಿಶ್ರಿತ ಕೆಂಪು ನೆಲದಲ್ಲಿ ಇನ್ನೂ ಹೆಚ್ಚು. ಅಂದರೆ ಡ್ಯಾಮಿನ ಬಾಯಲ್ಲಿ 2,400. 28 ಟಿಎಂಸಿಯಲ್ಲಿ 33,000 ಹೆಕ್ಟೇರ್ ಭತ್ತ ಬೆಳೆಯಬಹುದು, ಅಚ್ಚುಕಟ್ಟಿನ ನೂರಕ್ಕೆ 31 ಪಾಲು. ಅದೇ ನೀರು 500 ಮಿಲಿಮೀಟರ್ ಸಾಕಾಗುವ ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿಗೆ 79,000 ಹೆಕ್ಟೇರ್‌ಗೆ ಸಾಲುತ್ತದೆ, ನೂರಕ್ಕೆ 75. ಒಂದು ಎಕರೆ ಭತ್ತ ಎಂದರೆ ಸುಮಾರು 2.4 ಎಕರೆ ಅರೆಖುಷ್ಕಿ (ಇಂಥ ಕಡಿಮೆ ನೀರಿನ) ಬೆಳೆಯ ನೀರು.

ನಾಲೆಯ ಅಳತೆಯೂ ಇದೇ ಮಾತು ಹೇಳುತ್ತದೆ. ಭತ್ತ ಬಿಸಿಲಿನಲ್ಲಿ ಇಂಗುವಿಕೆ ಸೇರಿ ದಿನಕ್ಕೆ 10 ಮಿಲಿಮೀಟರ್ ಕುಡಿದರೆ, ಸೋರಿಕೆ ಸೇರಿಸಿ ಹೆಕ್ಟೇರ್‌ಗೆ 200 ಘನ ಮೀಟರ್. 2,650 ಕ್ಯೂಸೆಕ್ ಎಂದರೆ ದಿನಕ್ಕೆ ಸುಮಾರು 65 ಲಕ್ಷ ಘನ ಮೀಟರ್. ಬಲದಂಡೆಯಲ್ಲಿ ಏಕಕಾಲಕ್ಕೆ 32,000 ಹೆಕ್ಟೇರ್‌ಗಿಂತ ಹೆಚ್ಚು ಭತ್ತಕ್ಕೆ ನೀರು ಕೊಡಲು ನಾಲೆಯ ಹೊಟ್ಟೆಗೇ ಆಗುವುದಿಲ್ಲ, ಡ್ಯಾಮ್ ತುಂಬಿ ತುಳುಕುತ್ತಿದ್ದರೂ ಅಷ್ಟೇ. ಯೋಜನೆ ರೂಪಿಸಿದಾಗ ಅಚ್ಚುಕಟ್ಟಿನ ದೊಡ್ಡ ಪಾಲನ್ನು ಅರೆಖುಷ್ಕಿ ಬೆಳೆಗೆ ಗೊತ್ತುಮಾಡಿದ್ದು ಈ ಕಾರಣಕ್ಕೆ. ಮೇಲ್ಭಾಗದಲ್ಲಿ ಭತ್ತವೂ ಅಡಿಕೆಯೂ ಹಬ್ಬಿದ ಮೇಲೆ ಕೊನೆ ಭಾಗದವರ ನೀರು ಕಾಗದದಲ್ಲಷ್ಟೇ ಉಳಿಯಿತು.

ಇಲ್ಲಿ ಎರಡು ಆಕ್ಷೇಪ ಬರುತ್ತವೆ, ಎರಡೂ ನ್ಯಾಯವಾದವು. ಸೋರಿದ ನೀರೆಲ್ಲ ನಷ್ಟವಲ್ಲ. ಅದು ಬಾವಿ, ಬೋರ್‌ವೆಲ್, ಹಳ್ಳಗಳಿಗೆ ಸೇರಿ ಮತ್ತೆ ಬಳಕೆಗೆ ಬರುತ್ತದೆ. ನಿಜ. ಹಾಗಾಗಿ ಇಡೀ ಅಚ್ಚುಕಟ್ಟನ್ನು ಒಟ್ಟಾಗಿ ನೋಡಿದರೆ ದಕ್ಷತೆ ಅರ್ಧಕ್ಕಿಂತ ಮೇಲೇ ಇರುತ್ತದೆ, ಮತ್ತು ನಾಲೆಗೆ ಕಾಂಕ್ರೀಟ್ ಹಾಕಿದಾಗ ಪಕ್ಕದ ಬಾವಿ ಇಳಿಯುವುದೂ ಇದರಿಂದಲೇ. ಆದರೆ ಮರಳಿ ಸಿಗುವ ನೀರು ಸಿಗುವುದು ಬಾವಿ ಇದ್ದವನಿಗೆ, ಅದೂ ತಗ್ಗಿನಲ್ಲಿ. ಎರಡನೆಯದು, ನಾಲೆಯ ಬಗಲಿನ ಬಸಿ ಗದ್ದೆಗಳಲ್ಲಿ ಭತ್ತ ಬಿಟ್ಟರೆ ಬೇರೆ ಬೆಳೆ ನಿಲ್ಲುವುದಿಲ್ಲ. ಇದೂ ನಿಜ. ಭತ್ತದ ಪಾಲನ್ನು ಅಂಥ ನೆಲಕ್ಕೇ ಮೀಸಲಿಡಬೇಕು. ಎರೆ ಹೊಲವನ್ನೂ ಏರುನೆಲವನ್ನೂ ಗದ್ದೆ ಮಾಡುವುದನ್ನು ನಿಲ್ಲಿಸುವುದೇ ಹಂಚಿಕೆಯ ಮೊದಲ ಕೆಲಸ.

ಆನ್-ಆಫ್ ಲೆಕ್ಕ

ನೀರು ಕಡಿಮೆ ಇದ್ದಾಗ ಇಲಾಖೆ ಸರದಿಗೆ ಹೋಗುತ್ತದೆ, ನಮ್ಮ ಕಡೆ ಆನ್-ಆಫ್ ಎನ್ನುತ್ತಾರೆ. ಸರದಿ ಒಳ್ಳೆಯ ಪದ್ಧತಿಯೇ. ಕೆಡುವುದು ಸರದಿಯ ಅವಧಿಯಲ್ಲಿ.

ಬಲದಂಡೆ ಮುಖ್ಯ ನಾಲೆ 103 ಕಿಲೋಮೀಟರ್. ನೀರು ಸೆಕೆಂಡಿಗೆ ಮುಕ್ಕಾಲು ಮೀಟರ್ ಓಡಿದರೂ ತುದಿ ಮುಟ್ಟಲು 38 ಗಂಟೆ. ಅದು ಖಾಲಿ ನಾಲೆಯಲ್ಲಿ, ಯಾರೂ ತೂಬು ಎತ್ತದಿದ್ದರೆ. ಆಮೇಲೆ ಶಾಖಾ ನಾಲೆ, ಉಪನಾಲೆ. ಕೊನೆಯ ತೂಬಿಗೆ ನೀರು ಬರಲು ನಾಲ್ಕೈದು ದಿನ ಹಿಡಿಯುವುದು ಸಹಜ. ಈಗ 10 ದಿನ ಆನ್, 10 ದಿನ ಆಫ್ ಎಂದರೆ ಮೇಲ್ಭಾಗಕ್ಕೆ ಹತ್ತೂ ದಿನ ನೀರು, ಕೊನೆ ಭಾಗಕ್ಕೆ ಐದೇ ದಿನ. 20 ದಿನ ಆನ್ ಇಟ್ಟರೆ ಕೊನೆಗೆ ಹದಿನೈದು ದಿನ ಸಿಗುತ್ತದೆ. ಒಟ್ಟು ನೀರು ಅಷ್ಟೇ ಇದ್ದರೂ ಸಣ್ಣ ಸಣ್ಣ ಸರದಿ ಕೊನೆ ಭಾಗದ ಪಾಲನ್ನು ನುಂಗುತ್ತದೆ. ಪ್ರತಿ ಸಲ ನಾಲೆ ತುಂಬಿಸಲು ಹೋಗುವ ನೀರೂ ಕಡಿಮೆಯಲ್ಲ. ಪೂರ್ತಿ ಹರಿವಿನ 38 ಗಂಟೆ ಎಂದರೆ 0.36 ಟಿಎಂಸಿ, ನಾಲೆ ಕಿರಿದಾಗುತ್ತಾ ಹೋಗುವುದರಿಂದ ಅರ್ಧ ಹಿಡಿದರೂ 0.18. ಆಫ್ ಮಾಡಿದಾಗ ಅದು ಮೇಲ್ಭಾಗದ ತೂಬುಗಳಿಗೇ ಇಳಿಯುತ್ತದೆ. ಐದು ಸಲ ಹೀಗಾದರೆ ಸುಮಾರು ಒಂದು ಟಿಎಂಸಿ ಯಾರ ಲೆಕ್ಕಕ್ಕೂ ಸಿಗದೆ ಹೋಯಿತು.

ಮುಖ್ಯ ನಾಲೆಯನ್ನು ಕಡಿಮೆ ಸಲ ಬಂದ್ ಮಾಡಿ, ಸರದಿಯನ್ನು ಶಾಖಾ ನಾಲೆ ಮತ್ತು ಉಪನಾಲೆಗಳ ನಡುವೆ ಇಡುವುದು ಇದಕ್ಕೆ ಪರಿಹಾರ. ಮುಖ್ಯ ನಾಲೆ ಹರಿಯುತ್ತಲೇ ಇರಲಿ, ಉಪನಾಲೆಗಳು ಎರಡು ಗುಂಪಾಗಿ ಪೂರ್ತಿ ಹರಿವಿನಲ್ಲಿ ಓಡಲಿ. ಅರ್ಧ ಹರಿವಿನಲ್ಲಿ ಎಲ್ಲ ಉಪನಾಲೆಗಳನ್ನೂ ಓಡಿಸಿದರೆ ನೀರಿನ ಮಟ್ಟ ಮೇಲಿನ ತೂಬುಗಳ ಎತ್ತರಕ್ಕೇರುವುದಿಲ್ಲ, ಆಗ ರೈತರು ನಾಲೆಗೆ ಅಡ್ಡ ಮಣ್ಣಿನ ಮೂಟೆ ಹಾಕುತ್ತಾರೆ, ಅಲ್ಲಿಗೆ ಕೆಳಗಿನವರ ಕಥೆ ಮುಗಿಯಿತು. ಸರದಿ ಯಾವಾಗಲೂ ಕೊನೆಯ ಉಪನಾಲೆಯಿಂದ ಶುರುವಾಗಬೇಕು. ಮೊದಲ ನೀರಿಗೆ ಎಲ್ಲರ ಹಸಿವೂ ಹೆಚ್ಚು. ಆ ಹೊತ್ತಿನಲ್ಲಿ ಮೇಲಿನ ಗೇಟಿಗೆ ಬೀಗ, ಸೌಡಿಗಳ (ನೀರುಗಂಟಿಗಳ) ಕಾವಲು ಇರಬೇಕು.

ನಾಟಿ ಚೆಲ್ಲಾಪಿಲ್ಲಿಯಾಗುವುದು ಇನ್ನೊಂದು ದೊಡ್ಡ ಸೋರಿಕೆ, ಅದನ್ನು ಸೋರಿಕೆ ಎಂದು ಯಾರೂ ಎಣಿಸುವುದಿಲ್ಲ. ಕೆಸರು ಮಾಡಲೇ 150ರಿಂದ 200 ಮಿಲಿಮೀಟರ್ ಬೇಕು. ಮೇಲ್ಭಾಗದಲ್ಲಿ ಜನವರಿ 10ಕ್ಕೆ ನಾಟಿ, ಕೆಳಗೆ ಫೆಬ್ರುವರಿ 15ಕ್ಕೆ ನಾಟಿ ಆದರೆ, ಮೇಲಿನವರ ಕೊಯ್ಲು ಮುಗಿದ ಮೇಲೂ ಐದು ವಾರ ಇಡೀ 103 ಕಿಲೋಮೀಟರ್ ನಾಲೆಯನ್ನು ತುಂಬಿಸಿ ಇಡಬೇಕು. ಒಂದು ಉಪನಾಲೆಯೊಳಗೆ ನಾಟಿ 12ರಿಂದ 15 ದಿನದಲ್ಲಿ ಮುಗಿಯಬೇಕು. ಬೋರ್‌ವೆಲ್ ಇರುವವರ ಹೊಲದಲ್ಲಿ ಸಾಮೂಹಿಕ ಸಸಿ ಮಡಿ ಮಾಡಿಕೊಂಡರೆ ನಾಲೆ ನೀರು ಬಂದ ದಿನವೇ ಉಳುಮೆಗೆ ಇಳಿಯಬಹುದು. ಆರ್‌ಎನ್‌ಆರ್‌ನಂಥ 125 ದಿನದ ತಳಿಗೆ 25 ದಿನ ಮಡಿಯಲ್ಲೇ ಕಳೆಯುತ್ತದೆ, ನಾಲೆಯ ಹೊರೆ ಅಷ್ಟು ದಿನ ಇಳಿಯಿತು.

ಆಫ್ ಅವಧಿಯಲ್ಲಿ ಭತ್ತ ಸಾಯುತ್ತದೆಂಬ ಭಯಕ್ಕೆ ಒಂದು ಪೈಪು ಸಾಕು. 30 ಸೆಂಟಿಮೀಟರ್ ಉದ್ದದ, 10ರಿಂದ 15 ಸೆಂಟಿಮೀಟರ್ ಅಗಲದ ಪಿವಿಸಿ ತುಂಡು ತೆಗೆದುಕೊಂಡು ಕೆಳಗಿನ ಅರ್ಧಕ್ಕೆ ಸುತ್ತಲೂ ರಂಧ್ರ ಕೊರೆದು, ಆ ಅರ್ಧವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆದುಬಿಡಿ. ಮೇಲ್ಮೈಯಲ್ಲಿ ನೀರು ಕಾಣದಿದ್ದರೂ ಪೈಪಿನೊಳಗೆ ಕಾಣುತ್ತದೆ. ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ನೀರು ಕೊಟ್ಟರೆ ಸಾಕು, ಇಳುವರಿ ಇಳಿಯುವುದಿಲ್ಲ. ನಾಟಿಯಾದ ಮೊದಲ ಎರಡು ವಾರ ಮತ್ತು ಹೊಡೆ ಒಡೆದು ಹೂವಾಡುವ ಹೊತ್ತಿನಲ್ಲಿ ಮಾತ್ರ ಹೀಗೆ ಮಾಡಬಾರದು. ಹೂವಿನಲ್ಲಿ 5 ಸೆಂಟಿಮೀಟರ್ ನಿಂತಿರಲೇಬೇಕು. ಎರೆ ನೆಲದಲ್ಲಿ ಇನ್ನೊಂದು ಎಚ್ಚರ: ಬಿರುಕು ಬಿಡುವಷ್ಟು ಒಣಗಿಸಿದರೆ ಮುಂದಿನ ನೀರು ಬಿರುಕಿನಲ್ಲೇ ಇಳಿದು, ಉಳಿಸಿದ್ದಕ್ಕಿಂತ ಹೆಚ್ಚು ಹೋಗುತ್ತದೆ.

ಅಳೆಯದೆ ಹಂಚಲಾಗದು

ಎಕರೆ ನಿಗದಿ ಮಾಡಿದ ಮೇಲೆ ಪ್ರತಿ ಉಪನಾಲೆಗೆ ಇಷ್ಟು ನೀರು ಎಂದು ಗಾತ್ರದಲ್ಲಿ ಬರೆದುಕೊಡಬೇಕು. ಆಗ ಉಪನಾಲೆಯ ಬಾಯಲ್ಲಿ ಅಳತೆ ಬೇಕು. ಸಣ್ಣ ಕಾಲುವೆಗೆ 1 ಅಡಿ ಗಂಟಲಿನ ಪಾರ್ಷಲ್ ಫ್ಲೂಮ್ (ಹರಿವು ಅಳೆಯಲು ಕಾಲುವೆಯಲ್ಲಿ ಕೂರಿಸುವ, ನಡುವೆ ಕಿರಿದಾದ ದೋಣಿ) ಸರಿಹೋಗುತ್ತದೆ. ಗೇಜಿನಲ್ಲಿ ಅರ್ಧ ಅಡಿ ನೀರಿದ್ದರೆ 1.4 ಕ್ಯೂಸೆಕ್, ಒಂದು ಅಡಿ ಇದ್ದರೆ 4. ಮಟ್ಟ ದುಪ್ಪಟ್ಟಾದರೆ ಹರಿವು ಹೆಚ್ಚುಕಡಿಮೆ ಮೂರು ಪಟ್ಟು, ಇದು ಸೌಡಿಗೂ ರೈತರಿಗೂ ಗೊತ್ತಿರಬೇಕು. ಗೇಜ್ ಓದುವಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಹರಿವಿನಲ್ಲಿ ಹದಿನೈದು ತಪ್ಪುತ್ತದೆ.

ಫ್ಲೂಮ್ ಸುಳ್ಳು ಹೇಳುವುದು ಹೆಚ್ಚಾಗಿ ಅದರ ಕೆಳಗಿನ ಕಳೆಯಿಂದ. ಫ್ಲೂಮಿನಿಂದ ಐವತ್ತು ಅಡಿ ಕೆಳಗೆ ಆಪು, ಜೊಂಡು ಬೆಳೆದು ನೀರು ಹಿಂದಕ್ಕೆ ನಿಂತರೆ ಗಂಟಲು ಮುಳುಗುತ್ತದೆ. ಕೆಳಗಿನ ಮಟ್ಟ ಮೇಲಿನ ಮಟ್ಟದ ನೂರಕ್ಕೆ 70 ದಾಟಿದರೆ ಮೇಲಿನ ಗೇಜ್ ಒಂದನ್ನೇ ನೋಡಿ ಹೇಳುವ ಹರಿವು ನಿಜಕ್ಕಿಂತ ಹೆಚ್ಚಾಗಿರುತ್ತದೆ. ಪುಸ್ತಕದಲ್ಲಿ ನೀರು ಹೋಯಿತು, ಹೊಲಕ್ಕೆ ಬರಲಿಲ್ಲ. ಗಂಟಲಿನಲ್ಲಿ ನೀರು ನುಣ್ಣಗೆ ಇಳಿದು ಆಚೆ ಅಲೆ ಎದ್ದು ಕಾಣುತ್ತಿದ್ದರೆ ಅಳತೆ ಸರಿ ಇದೆ. ಉದ್ದಕ್ಕೂ ನೀರು ಚಪ್ಪಟೆಯಾಗಿ ಜಾರುತ್ತಿದ್ದರೆ ಕಳೆ ತೆಗೆಸಿ. ಇನ್ನೊಂದು ದೋಷ, ಗೇಜ್ ಹಲಗೆಗೆ ಬಣ್ಣ ಹೊಡೆಯುವಾಗ ಸೊನ್ನೆ ಗುರುತು ಫ್ಲೂಮಿನ ನೆಲಮಟ್ಟಕ್ಕಿಂತ ಒಂದಿಂಚು ಮೇಲೋ ಕೆಳಗೋ ಬೀಳುವುದು. ನೀರಿಲ್ಲದ ದಿನ ಲೆವೆಲ್ ಪೈಪ್ ಹಿಡಿದು ನೋಡಿದರೆ ಹತ್ತು ನಿಮಿಷದ ಕೆಲಸ.

ನಾಲೆಗೆ ಪೈಪ್ ಇಳಿಬಿಟ್ಟು ಎತ್ತುವ ಮೋಟಾರುಗಳ ವಿಷಯ ಗೊತ್ತಿದ್ದದ್ದೇ. 5 ಎಚ್‌ಪಿ ಮೋಟಾರು ಒಟ್ಟು 10 ಮೀಟರ್ ಎತ್ತರಕ್ಕೆ ಸೆಕೆಂಡಿಗೆ ಸುಮಾರು 18 ಲೀಟರ್ ಎತ್ತುತ್ತದೆ. ಅಂಥವು ನೂರು ಒಟ್ಟಿಗೆ ಓಡಿದರೆ 64 ಕ್ಯೂಸೆಕ್. ದಿನಕ್ಕೆ 7 ಗಂಟೆ ಕರೆಂಟ್ ಎಂದರೂ ಸರಾಸರಿ 18 ಕ್ಯೂಸೆಕ್, 550 ಎಕರೆ ಭತ್ತದ ನೀರು. 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆ ಬಿಗಿ ಮಾಡಲಾಗಿದೆ. ಆದರೆ ಕರೆಂಟ್ ಸರದಿಯನ್ನು ನಾಲೆ ಸರದಿಯ ಜೊತೆ ಹೊಂದಿಸಿದರೆ ಸಿಗುವ ಫಲ ಇನ್ನೂ ಬೇಗನೆಯದು: ಕೊನೆ ಭಾಗಕ್ಕೆ ನೀರು ಹೋಗುವ ದಿನಗಳಲ್ಲಿ ನಾಲೆಯಂಚಿನ ಫೀಡರ್‌ಗೆ ರಾತ್ರಿ ತ್ರೀಫೇಸ್ ಇರಬಾರದು.

ಕಡಿತ ಎಲ್ಲಿ ಮಾಡಬೇಕು

ಎಲ್ಲ ಬೆಳೆಗೂ ಸಮನಾಗಿ ನೂರಕ್ಕೆ ಇಪ್ಪತ್ತು ಕಡಿತ ಎನ್ನುವುದು ನ್ಯಾಯವೆನಿಸುತ್ತದೆ, ಆದರೆ ಬೆಳೆಗಳು ಹಾಗೆ ಲೆಕ್ಕ ಇಡುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಹೊರತಂದ ಇಳುವರಿ ಪ್ರತಿಕ್ರಿಯೆ ಗುಣಾಂಕಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. ಮೆಕ್ಕೆಜೋಳಕ್ಕೆ ಇಡೀ ಹಂಗಾಮಿನ ಗುಣಾಂಕ 1.25, ಶೇಂಗಾಕ್ಕೆ 0.7, ಈರುಳ್ಳಿಗೆ 1.1, ಹತ್ತಿಗೆ 0.85. ಬೆಳೆ ಕುಡಿಯುವ ನೀರಿನಲ್ಲಿ 20 ಪಾಲು ಕಡಿಮೆಯಾದರೆ ಮೆಕ್ಕೆಜೋಳದ ಇಳುವರಿ 25 ಪಾಲು ಬೀಳುತ್ತದೆ, ಶೇಂಗಾದ್ದು 14 ಪಾಲು ಮಾತ್ರ.

ಇದರಿಂದ ಒಂದು ಸ್ಪಷ್ಟ ನಿಯಮ ಹುಟ್ಟುತ್ತದೆ. ಗುಣಾಂಕ 1ಕ್ಕಿಂತ ಕಡಿಮೆ ಇರುವ ಬೆಳೆಗೆ ನೀರನ್ನು ತೆಳ್ಳಗೆ ಹರಡಬಹುದು. ಹತ್ತು ಎಕರೆ ಶೇಂಗಾದ ನೀರನ್ನು ಹನ್ನೆರಡೂವರೆ ಎಕರೆಗೆ ಹಂಚಿದರೆ ಎಕರೆಗೆ 86 ಪಾಲು ಇಳುವರಿ, ಒಟ್ಟು ಉತ್ಪನ್ನ ಏಳೂವರೆ ಪಾಲು ಹೆಚ್ಚು. ಮೆಕ್ಕೆಜೋಳದಲ್ಲಿ ಹೀಗೆ ಮಾಡಿದರೆ ಒಟ್ಟು ಉತ್ಪನ್ನವೇ ಆರು ಪಾಲು ಇಳಿಯುತ್ತದೆ. ಅಲ್ಲಿ ಎಕರೆ ಕಡಿಮೆ ಮಾಡಿ ಹೊಟ್ಟೆ ತುಂಬ ನೀರು ಕೊಡಬೇಕು. ಶೇಂಗಾದಲ್ಲೂ ಹೆಚ್ಚುವರಿ ಎರಡೂವರೆ ಎಕರೆಯ ಬೀಜ, ಉಳುಮೆಯ ಖರ್ಚನ್ನು ಆ ಏಳೂವರೆ ಪಾಲು ತೂಗಬೇಕೆಂಬುದನ್ನು ಮರೆಯುವಂತಿಲ್ಲ. ಶೇಂಗಾವನ್ನು ತೆಳ್ಳಗೆ ಹರಡುವುದು ನೀರಿನ ದೃಷ್ಟಿಯಿಂದ ಸರಿ, ಸಣ್ಣ ಹಿಡುವಳಿದಾರರಿಗೂ ಪಾಲು ಸಿಗುವ ದೃಷ್ಟಿಯಿಂದ ಇನ್ನೂ ಸರಿ.

ಹಂತವಾರು ನೋಡಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಮೆಕ್ಕೆಜೋಳ ಬೆಳವಣಿಗೆಯ ಹಂತದಲ್ಲಿ 0.4, ಸೂಲಂಗಿ ಮತ್ತು ರೇಷ್ಮೆ ಬರುವಾಗ 1.5, ಕಾಳು ಕಟ್ಟುವಾಗ 0.5, ಮಾಗುವಾಗ 0.2. ಆಫ್ ಮಾಡಲೇಬೇಕಾದರೆ ಬಿತ್ತನೆಯಾದ 25ರಿಂದ 40 ದಿನದೊಳಗೆ ಮಾಡಿ, 55ರಿಂದ 75ರ ನಡುವೆ ಬೇಡ. ಬಿತ್ತನೆ ದಿನಾಂಕ ಉಪನಾಲೆಯೊಳಗೆ ಒಂದೇ ಆಗಿದ್ದರೆ ಮಾತ್ರ ಇದು ಸಾಧ್ಯ. ಒಂದು ತೂಬಿನ ಕೆಳಗೆ ನಾಲ್ಕು ವಯಸ್ಸಿನ ಬೆಳೆ ಇದ್ದರೆ ಯಾವ ದಿನ ಆಫ್ ಮಾಡಿದರೂ ಯಾರದೋ ಹೂವು ಉದುರುತ್ತದೆ.

ಎಲ್ಲವನ್ನೂ ಒಟ್ಟಿಗೆ ತೂಗಲು ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತ ಇದೆ. ಎಕ್ಸೆಲ್‌ನ ಸಾಲ್ವರ್‌ನಲ್ಲೇ ಆಗುತ್ತದೆ. ಪ್ರತಿ ಉಪನಾಲೆಯ ಪ್ರತಿ ಬೆಳೆಯ ಎಕರೆ ಒಂದೊಂದು ಕಾಣದ ಸಂಖ್ಯೆ. ಮಿತಿಗಳು ಇವು: ಉಪನಾಲೆಯ ಒಟ್ಟು ನೆಲ, ಪ್ರತಿ ಹದಿನೈದು ದಿನಕ್ಕೆ ನಾಲೆ ಒಯ್ಯಬಲ್ಲ ನೀರು, ಹಂಗಾಮಿನ ಒಟ್ಟು ನೀರು, ಈಗಾಗಲೇ ನಿಂತಿರುವ ಅಡಿಕೆ ಮತ್ತು ಕಬ್ಬಿಗೆ ಕನಿಷ್ಠ. ಗುರಿ, ಒಟ್ಟು ನಿವ್ವಳ ಆದಾಯ. ಆದರೆ ಇಷ್ಟನ್ನೇ ಕೊಟ್ಟು ಬಿಡಿಸಿದರೆ ಯಂತ್ರ ನೀರನ್ನೆಲ್ಲ ಮೇಲ್ಭಾಗಕ್ಕೇ ಕೊಡುತ್ತದೆ, ಯಾಕೆಂದರೆ ಅಲ್ಲಿ ದಾರಿಯ ಸೋರಿಕೆ ಕಡಿಮೆ. ಗಣಿತದ ಮಟ್ಟಿಗೆ ಅದು ಸರಿ ಉತ್ತರ, ಊರಿನ ಮಟ್ಟಿಗೆ ಅನ್ಯಾಯ. ಆದ್ದರಿಂದ ಪ್ರತಿ ಉಪನಾಲೆಗೂ ಎಕರೆವಾರು ಕನಿಷ್ಠ ಇಷ್ಟು ನೀರು ಎಂಬ ಮಿತಿಯನ್ನು ಕೈಯಾರೆ ಸೇರಿಸಬೇಕು. ಅದನ್ನು ಸೇರಿಸಿದಾಗ ಒಟ್ಟು ಆದಾಯ ಎಷ್ಟು ಇಳಿಯಿತೆಂಬುದು ಕಾಣುತ್ತದೆ. ಸಮಪಾಲಿಗೆ ತೆರುವ ಬೆಲೆ ಅದು, ಸಭೆಯಲ್ಲಿ ಎಲ್ಲರ ಮುಂದೆ ಇಡಬೇಕಾದ ಸಂಖ್ಯೆ. ಯಾವ ಹದಿನೈದು ದಿನದಲ್ಲಿ ನಾಲೆ ತುಂಬಿ ಬಿಗಿಯುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಹೆಚ್ಚಾಗಿ ಅದು ನಾಟಿಯ ಪಕ್ಷ. ಬಿತ್ತನೆಯನ್ನು ಎರಡು ಗುಂಪು ಮಾಡಿ ಹತ್ತು ದಿನ ಹಿಂದುಮುಂದು ಮಾಡಿದರೆ ಬಿಗಿತ ಸಡಿಲುತ್ತದೆ.

ಅಡಿಕೆಗೆ ಹೊಂಡ

ಚನ್ನಗಿರಿ ಕಡೆಯ ಅಡಿಕೆ ತೋಟಗಳಿಗೆ ಸರದಿ ಎಂದರೆ ಆತಂಕ. ಮರವನ್ನು ಈ ವರ್ಷ ಬಿಟ್ಟು ಮುಂದಿನ ವರ್ಷ ಬೆಳೆಯುತ್ತೇನೆ ಎನ್ನಲಾಗದು. ಆದರೆ ತೋಟಕ್ಕೆ ಬೇಕಾದ ನೀರು ನಾವು ಹಾಯಿಸುವುದಕ್ಕಿಂತ ಬಹಳ ಕಡಿಮೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್, ಎಕರೆಗೆ 550 ಮರ ಎಂದರೆ ದಿನಕ್ಕೆ 11 ಘನ ಮೀಟರ್. 120 ದಿನಕ್ಕೆ 1,320, ಭತ್ತದ ಎಕರೆಗೆ ಹೋಗುವ 4,850ರ ಕಾಲುಭಾಗಕ್ಕಿಂತ ಸ್ವಲ್ಪ ಮೇಲು.

ಹನಿಗೆ ನಿತ್ಯ ನೀರು ಬೇಕು, ನಾಲೆ ಬರುವುದು ಸರದಿಗೆ. ನಡುವೆ ಹೊಂಡ ಬೇಕು. 15 ದಿನದ ಆಫ್‌ಗೆ ಎಕರೆಗೆ 165 ಘನ ಮೀಟರ್. ಮೇಲೆ 12 ಮೀಟರ್ ಚೌಕ, 3 ಮೀಟರ್ ಆಳ, ಬದಿಗೆ 1:1 ಇಳಿಜಾರು, ತಳ 6 ಮೀಟರ್ ಚೌಕ. ಮೇಲೆ ಅರ್ಧ ಮೀಟರ್ ಖಾಲಿ ಬಿಟ್ಟರೆ 185 ಘನ ಮೀಟರ್ ಹಿಡಿಯುತ್ತದೆ, ಆವಿಗೆ ಹೋಗುವ 9 ಕಳೆದರೂ ಸಾಕಾಗುತ್ತದೆ. 500 ಮೈಕ್ರಾನ್ ಹಾಳೆ ಹಾಸುವ ಮೊದಲು ಬೇರು, ಕಲ್ಲು ಆರಿಸಿ ಮೂರಿಂಚು ನುಣುಪು ಮಣ್ಣು ಹಾಕಬೇಕು. ಹಾಳೆ ಹರಿಯುವುದು ಇಳಿಜಾರು ತಳಕ್ಕೆ ಕೂಡುವ ಮೂಲೆಯಲ್ಲೇ. ನಾಲೆ ನೀರಿನಲ್ಲಿ ಹೂಳೂ ಪಾಚಿಯೂ ಇರುವುದರಿಂದ ಹೊಂಡದ ಮುಂದೆ ಹೂಳು ಇಳಿಯುವ ಚಿಕ್ಕ ಗುಂಡಿ, ಪಂಪಿನ ನಂತರ ಮರಳಿನ ಫಿಲ್ಟರ್, ಆಮೇಲೆ ಡಿಸ್ಕ್ ಫಿಲ್ಟರ್. ಬರೀ ಜಾಲರಿ ಫಿಲ್ಟರ್ ಹಾಕಿದರೆ ಪಾಚಿಗೆ ಒಂದೇ ತಿಂಗಳಲ್ಲಿ ಡ್ರಿಪ್ಪರ್ ಕಟ್ಟುತ್ತದೆ.

ವಾಣಿವಿಲಾಸ ಬೇರೆ ಜಾತಿಯ ಜಲಾಶಯ

ಭದ್ರೆಯ ಲೆಕ್ಕವನ್ನು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೊರಿಸಬಾರದು. ಭದ್ರೆಗೆ ಮಲೆನಾಡಿನ ಮಳೆ, ಒಳ್ಳೆಯ ವರ್ಷ ತುಂಬಿ ಹರಿಯುತ್ತದೆ. ಅಲ್ಲಿ ಪ್ರಶ್ನೆ ಈ ವರ್ಷದ ನೀರನ್ನು ಈ ವರ್ಷದೊಳಗೆ ಹೇಗೆ ಹಂಚುವುದು ಎಂಬುದು. ವಾಣಿವಿಲಾಸದ್ದು, ಅಂದರೆ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟಿನದು, ಸಾಮರ್ಥ್ಯ 30 ಟಿಎಂಸಿ, ಮಟ್ಟ 130 ಅಡಿ. ವೇದಾವತಿ ನದಿಯ ಒಳಹರಿವಿಗೆ ಅದು ತೀರಾ ದೊಡ್ಡ ಪಾತ್ರೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಇಂಥ ಜಲಾಶಯದಲ್ಲಿ ಇಂದಿನ ನೀರು ಮುಂದಿನ ಮೂರು ವರ್ಷದ ನೀರೂ ಹೌದು.

ಇಲ್ಲಿ ಆವಿಯೇ ದೊಡ್ಡ ಗಿರಾಕಿ. ನೀರಿನ ಹರವು 40 ಚದರ ಕಿಲೋಮೀಟರ್, ವರ್ಷಕ್ಕೆ 1.6 ಮೀಟರ್ ಆವಿ ಎಂದು ಹಿಡಿದರೆ 6.4 ಕೋಟಿ ಘನ ಮೀಟರ್, ಅಂದರೆ 2.26 ಟಿಎಂಸಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ವಾಣಿವಿಲಾಸಕ್ಕೆ ಹಂಚಿಕೆಯಾಗಿರುವುದು 2 ಟಿಎಂಸಿ. ಇದನ್ನು ನೋಡಿ "ಹೇಗೂ ಆವಿಯಾಗುತ್ತೆ, ಬಿಟ್ಟುಬಿಡಿ" ಎನ್ನುವವರಿದ್ದಾರೆ. ಆ ಮಾತು ತಪ್ಪು. ಆವಿ ಹೋಗುವುದು ಮೇಲ್ಮೈಯಿಂದ; ಹೆಚ್ಚುವರಿ ಒಂದು ಟಿಎಂಸಿ ಉಳಿಸಿದರೆ ಮಟ್ಟ ಸುಮಾರು 70 ಸೆಂಟಿಮೀಟರ್ ಏರುತ್ತದೆ, ಹರವು ಒಂದೂವರೆ ಚದರ ಕಿಲೋಮೀಟರ್ ಹಿಗ್ಗಿದರೆ ಅದಕ್ಕೆಂದು ಹೆಚ್ಚಾಗುವ ಆವಿ 0.085 ಟಿಎಂಸಿ. ನೂರಕ್ಕೆ ಎಂಟೂವರೆ ಬಡ್ಡಿ ತೆತ್ತು ಮುಂದಿನ ವರ್ಷಕ್ಕೆ ನೀರು ಕಾದಿರಿಸಿದಂತೆ. ಬರದ ವರ್ಷದಲ್ಲಿ ಆ ನೀರಿನ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು.

ಹಾಗಾಗಿ ಇಲ್ಲಿನ ನಿಯಮ ಹೀಗಿರಬೇಕು. ನಿರ್ಧಾರ ಹಿಂಗಾರು ಮುಗಿದ ಮೇಲೆ, ಡಿಸೆಂಬರ್ ಮೊದಲ ವಾರ. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ಎರಡು ವರ್ಷದ ಕುಡಿಯುವ ನೀರು, ಎರಡು ವರ್ಷದ ಆವಿ ಮೊದಲು ಕಳೆಯಬೇಕು. ಉಳಿದುದರಲ್ಲಿ ಈ ವರ್ಷಕ್ಕೆ ಮೂರನೇ ಒಂದು ಭಾಗ. ಜಲಾಶಯ ಮುಕ್ಕಾಲಿಗಿಂತ ಮೇಲಿದ್ದರೆ ಅರ್ಧ. ಅಚ್ಚುಕಟ್ಟು ಸುಮಾರು 12 ಸಾವಿರ ಹೆಕ್ಟೇರ್, ಅಷ್ಟಕ್ಕೆ 1 ಟಿಎಂಸಿ ಎಂದರೆ ನಾಲೆಯ ಬಾಯಲ್ಲಿ 230 ಮಿಲಿಮೀಟರ್. 3 ಟಿಎಂಸಿ ಸಿಕ್ಕ ವರ್ಷ ಸೋರಿಕೆ ಕಳೆದು ಹೊಲಕ್ಕೆ 350 ಮಿಲಿಮೀಟರ್ ತಲುಪುತ್ತದೆ. ಅಲ್ಲಿ ಭತ್ತದ ಮಾತಿಲ್ಲ, ಪೂರ್ತಿ ಅಚ್ಚುಕಟ್ಟಿಗೆ ಮೆಕ್ಕೆಜೋಳದ ಮಾತೂ ಇಲ್ಲ. ಶೇಂಗಾಕ್ಕೆ ಹೂವು ಮತ್ತು ಕಾಯಿ ಕಟ್ಟುವ ಹಂತದಲ್ಲಿ ಕೊರತೆ ಮಾಡದೆ, ಮೊದಲ ತಿಂಗಳಲ್ಲೂ ಮಾಗುವಾಗಲೂ ಕೈ ಬಿಗಿ ಹಿಡಿದರೆ ಅಷ್ಟು ನೀರಿಗೆ ಮುಕ್ಕಾಲು ಅಚ್ಚುಕಟ್ಟು ಹಸಿರಾಗುತ್ತದೆ. 1.5 ಟಿಎಂಸಿ ಮಾತ್ರ ಸಿಕ್ಕ ವರ್ಷ ಎರಡೂ ದಂಡೆಯ ನಾಲೆಗಳನ್ನು ಪೂರ್ತಿ ಉದ್ದಕ್ಕೆ ಓಡಿಸುವ ಬದಲು, ಈ ವರ್ಷ ಎಡದಂಡೆ, ಮುಂದಿನ ಕೊರತೆಯ ವರ್ಷ ಬಲದಂಡೆ ಎಂದು ಮೊದಲೇ ಬರೆದಿಟ್ಟು, ಬಿತ್ತನೆ ಬೀಜ ಕೊಳ್ಳುವ ಮುನ್ನ ಪ್ರತಿ ಹಳ್ಳಿಯ ನೀರು ಬಳಕೆದಾರರ ಸಂಘದ ಗೋಡೆಗೆ ಅಂಟಿಸಬೇಕು.